ಹಬೆಯ ಸದ್ದಿನಲ್ಲಿ ಕೊಟ್ಟ ಉತ್ತರ

ಕೋಪಸ್ಕೇರ್, ಐಸ್‌ಲ್ಯಾಂಡ್
12 ಜೂನ್ 1986

ಪ್ರೀತಿಯ ತಮ್ಮ ಐಸ್ಟೇನ್,

ಟೆಲಿಫೋನ್ ಎಕ್ಸ್‌ಚೇಂಜ್ ಮುಚ್ಚಿತು. ಕಳೆದ ವಾರ ಅಕುರೇರಿ ಪಟ್ಟಣದಿಂದ ಇಬ್ಬರು ಬಂದು ನನ್ನ ಬೋರ್ಡನ್ನು ಗೋಡೆಯಿಂದ ಬಿಚ್ಚಿ, ಕಂಬಳಿ ಸುತ್ತಿ, ವ್ಯಾನಿಗೆ ಹಾಕಿಕೊಂಡು ಹೋದರು. ಇನ್ನು ಮೇಲೆ ಯಾರು ಯಾರಿಗೆ ಬೇಕಾದರೂ ನೇರವಾಗಿ ನಂಬರ್ ತಿರುಗಿಸಬಹುದು. ಮಧ್ಯೆ ನಾನು ಬೇಕಾಗಿಲ್ಲ. ಸಲ್ವೋರ್ ಎಲ್ಲರ ಮಾತು ಕದ್ದು ಕೇಳುತ್ತಾಳೆ ಎಂದು ದೂರುತ್ತಿದ್ದವರಿಗೆಲ್ಲ ಖುಷಿಯಾಗಿದೆ. ಪಕ್ಕದ ಮನೆಯ ಮಾಲ್‌ಫ್ರಿ ಮಾತ್ರ ನಿನ್ನೆ ಬಂದು ಗೋಳಾಡಿದಳು. "ಫೋನ್ ಮಾಡೋದ್ರಲ್ಲಿ ಮಜಾನೇ ಹೋಯ್ತು ಕಣೇ. ಅತ್ತೇನ ಬೈದ್ರೆ ಕೇಳಿಸ್ಕೊಳ್ಳೋಕೆ ಒಂದು ನರಪಿಳ್ಳೆ ಇಲ್ಲ."

ನನಗೆ ಕೂತಲ್ಲಿ ಕೂರಲು ಆಗುತ್ತಿಲ್ಲ. ದೀಪಸ್ತಂಭದವರೆಗೆ ನಡೆದು ಹೋಗುತ್ತೇನೆ, ಹಿಂದಿರುಗುತ್ತೇನೆ, ಕೋಟು ತೆಗೆಯುವ ಮೊದಲೇ ಮತ್ತೆ ಹೊರಡುತ್ತೇನೆ. ಅಡುಗೆಮನೆಯ ಕಪಾಟುಗಳನ್ನು ತೊಳೆದದ್ದಾಯಿತು. ತೊಳೆದದ್ದನ್ನೇ ಮತ್ತೆ ತೊಳೆದದ್ದೂ ಆಯಿತು. ಯಾರಾದರೂ ಮಾತನಾಡಿಸಿದರೆ ನನ್ನ ಬಲಗೈ ತಾನಾಗಿಯೇ ತಂತಿಯ ಪ್ಲಗ್ ಹುಡುಕುತ್ತದೆ.

ನಿನ್ನ ಪತ್ರ ಮೇಜಿನ ಮೇಲೆಯೇ ಇದೆ. ನವೆಂಬರಿನ ವಿಮಾನಕ್ಕೆ ಸೀಟು ಕಾದಿರಿಸಿದ್ದೇನೆ, ಆಸ್ಟ್ರೇಲಿಯಾಕ್ಕೆ ಬಂದು ನಮ್ಮ ಗಂಡಹೆಂಡಿರ ಜೊತೆಗೇ ಇದ್ದುಬಿಡು ಎಂದಿದ್ದೀಯ. ಬೇಡ ಎನ್ನಲು ನನ್ನ ಹತ್ತಿರ ಕಾರಣ ಇಲ್ಲ. ಗಂಡನಿಲ್ಲ, ಮಕ್ಕಳಿಲ್ಲ, ಈಗ ಕೆಲಸವೂ ಇಲ್ಲ. ಆದರೆ ಬರುತ್ತೇನೆ ಎಂದು ಬರೆಯಲು ಕೂತರೆ ಪೆನ್ನು ನಿಲ್ಲುತ್ತದೆ. ಆಗಸ್ಟ್ ಮುಗಿಯುವುದರೊಳಗೆ ಹೇಳುತ್ತೇನೆ.

ಅಷ್ಟರಲ್ಲಿ ಒಂದು ನಗೆಪಾಟಲಿನ ವಿಷಯ. ನಿವೃತ್ತಿಯ ಉಡುಗೊರೆ ಎಂದು ನಮ್ಮ ಮಹಿಳಾ ಸಂಘದವರು ನನಗೆ ಒಂದು ಪ್ರವಾಸದ ಟಿಕೆಟ್ ಕೊಟ್ಟಿದ್ದಾರೆ. ಮೀವಾಟ್ನ್ ಸರೋವರ, ಅಲ್ಲಿಂದ ಲಾವಾ ಬಯಲು ದಾಟಿ ಆಸ್ಕ್ಯಾ ಜ್ವಾಲಾಮುಖಿ, ಮತ್ತೆ ವಾಪಸ್. ಗೈಡ್ ಇರುತ್ತಾರಂತೆ. ಗುಂಪಿನ ಜೊತೆ ಡೇರೆಯಲ್ಲಿ ಮಲಗಬೇಕಂತೆ. ಜರ್ಮನಿಯವರು ಹಣ ಕೊಟ್ಟು ನೋಡುವ ಕಲ್ಲನ್ನು ನೋಡಲು ನಾನೂ ಹೋಗುತ್ತಿದ್ದೇನೆ.

ನಿನ್ನ ಅಕ್ಕ,
ಸಲ್ವೋರ್


ಫ್ರೀಮ್ಯಾಂಟಲ್, ಪಶ್ಚಿಮ ಆಸ್ಟ್ರೇಲಿಯಾ
29 ಜೂನ್ 1986

ಸಲ್ಲಾ,

ನಿನ್ನ ಪತ್ರ ಓದಿ ದೋಣಿ ಕಾರ್ಖಾನೆಯಲ್ಲಿ ಒಬ್ಬನೇ ನಕ್ಕೆ. ನಮ್ಮ ಮೇಸ್ತ್ರಿ ಟೆರಿ ಕೇಳಿದ, "ಏನಯ್ಯಾ, ಲಾಟರಿ ಹೊಡೀತಾ?" ನನ್ನ ಅಕ್ಕ ತನ್ನ ಹಿತ್ತಲಿನ ಕಲ್ಲನ್ನು ತೋರಿಸಲು ಗೈಡ್ ಇಟ್ಟುಕೊಂಡಿದ್ದಾಳೆ ಎಂದೆ. ಅವನಿಗೆ ಅರ್ಥವಾಗಲಿಲ್ಲ.

ಹೋಗಿ ಬಾ. ಕೊನೆಯ ಸಲ ಎಲ್ಲ ನೋಡಿಕೊಂಡು ಬಾ. ಹೆರಿಂಗ್ ಮೀನು ಕೈಕೊಟ್ಟ ವರ್ಷ ನಾನು ಹಡಗು ಹತ್ತಿದಾಗ ಹಿಂದಿರುಗಿ ನೋಡಲಿಲ್ಲ. ಹದಿನೇಳು ವರ್ಷದಿಂದ ಅದೇ ಒಂದು ಕೊರತೆ. ನೀನಾದರೂ ಸರಿಯಾಗಿ ನೋಡಿ ಹೊರಡು.

ನಿನ್ನ ಕೋಣೆ ಪೂರ್ವಕ್ಕಿದೆ, ಬೆಳಗಿನ ಬಿಸಿಲು ಮಾತ್ರ ಬೀಳುತ್ತದೆ. ನಮ್ಮವರಿಗೆ ಅಷ್ಟೇ ಸಾಕು. ಕಿಟಕಿಗೆ ನೀಲಿ ಪರದೆ ಹಾಕಿದ್ದೇನೆ. ಮಂಚ ಹೊಸದು. ಈಗ ಇಲ್ಲಿ ಚಳಿಗಾಲ ಎನ್ನುತ್ತಾರೆ. ನಾನು ಅಂಗಿಯ ತೋಳು ಮಡಚಿಕೊಂಡು ಬರೆಯುತ್ತಿದ್ದೇನೆ.

ಫೋನ್ ಮಾಡಬೇಡ. ನಾನು ಹೇಳಿದ್ದು ನಿನಗೆ ಮುಟ್ಟುವಷ್ಟರಲ್ಲಿ ನೀನು ಬೇರೇನೋ ಹೇಳಿರುತ್ತೀಯ, ಕೊನೆಗೆ ಇಬ್ಬರೂ ಸುಮ್ಮನಾಗುತ್ತೇವೆ. ಕಾಗದವೇ ಸರಿ.

ಬೆರಿಲ್ ನಿನಗೆ ನಮಸ್ಕಾರ ಹೇಳಿದ್ದಾಳೆ.

ಐಸ್ಟೇನ್


ಮೀವಾಟ್ನ್, ಡೇರೆ ಬೀಡು
20 ಜುಲೈ 1986

ಪ್ರೀತಿಯ ಐಸ್ಟೇನ್,

ಮೊಣಕಾಲ ಮೇಲೆ ಕಾಗದ ಇಟ್ಟುಕೊಂಡು ಬರೆಯುತ್ತಿದ್ದೇನೆ. ಮುಖದ ತುಂಬ ನುಸಿ. ಜರ್ಮನಿಯವರು ತಲೆಗೆ ಬಲೆ ಹಾಕಿಕೊಂಡು ಜೇನು ಸಾಕುವವರ ಹಾಗೆ ಓಡಾಡುತ್ತಿದ್ದಾರೆ.

ಬಸ್ಸು ತುಂಬ ಜನ. ಹಿಂದೆ ಅಡುಗೆಯ ಲಾರಿ ಬರುತ್ತದೆ. ಗೈಡ್ ಉನ್ನುರ್ ಎಂಬ ಹುಡುಗಿ, ರೇಕ್ಯಾವಿಕ್‌ನಲ್ಲಿ ಓದುತ್ತಿದ್ದಾಳೆ, ಚುರುಕಾಗಿದ್ದಾಳೆ. ಮೊದಲ ದಿನ ಎಲ್ಲರನ್ನೂ ಅವರವರ ದೇಶ ಕೇಳುತ್ತ ಬಂದು ನನ್ನನ್ನೂ ಇಂಗ್ಲಿಷಿನಲ್ಲೇ ಕೇಳಿದಳು. ನಾನು "ಕೋಪಸ್ಕೇರ್" ಎಂದೆ. ಹೊಸ ದೇಶವೇನೋ ಎಂಬಂತೆ ನನ್ನ ಮುಖ ನೋಡಿದಳು. ಆಗ ಡ್ರೈವರ್ ಬಸ್ಸಿನ ವೇಗ ತಗ್ಗಿಸಿ, ಕನ್ನಡಿಯಲ್ಲಿ ನನ್ನನ್ನೇ ದಿಟ್ಟಿಸಿದ.

"ಯಾರದು? ಎಕ್ಸ್‌ಚೇಂಜಾ?"

"ಆಗಿದ್ದೆ. ಈಗಲ್ಲ."

"ಇಪ್ಪತ್ತು ವರ್ಷದಿಂದ ಈ ದನಿ ಕೇಳಿದೀನಿ. ಮುಖ ಹೀಗಿರುತ್ತೆ ಅಂದ್ಕೊಂಡಿರ್ಲಿಲ್ಲ."

"ಹೇಗಿರುತ್ತೆ ಅಂದ್ಕೊಂಡಿದ್ದೆ?"

"ದಪ್ಪಗೆ. ಸಿಡುಕಿ ಥರ."

"ಸಿಡುಕಿ ಹೌದು. ರಸ್ತೆ ನೋಡು."

ಹೆಸರು ಕೇತಿಲ್. ಇದೇ ಮೀವಾಟ್ನ್‌ನ ರೈತ. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿದೆ. ಮೊದಲು ನಮ್ಮೂರ ಕಸಾಯಿಖಾನೆಗೆ ಕುರಿ ಸಾಗಿಸುವ ಲಾರಿ ಓಡಿಸುತ್ತಿದ್ದನಂತೆ. ಶರತ್ಕಾಲದಲ್ಲಿ ದಿನವೂ ನನ್ನ ಮೂಲಕವೇ ಫೋನ್ ಮಾಡುತ್ತಿದ್ದವನು. "ಲೈನ್ ಸಿಕ್ತಾ ಅಂದ್ರೆ 'ಹೌದು' ಅಂತ ಕೂಗ್ತಿದ್ದೆಯಲ್ಲ, ನಮ್ ನಾಯಿ ಎದ್ದು ನಿಲ್ತಿತ್ತು" ಎಂದು ಬಸ್ಸಿನವರ ಎದುರಿಗೇ ಹೇಳಿದ. ಬಹಳ ಅಧಿಕಪ್ರಸಂಗಿ.

ಕಾಫಿಯನ್ನೂ ಅವನೇ ಮಾಡುತ್ತಾನೆ. ಅಡುಗೆಯವಳನ್ನು ಒಲೆಯ ಹತ್ತಿರ ಬಿಡುವುದಿಲ್ಲ. ಡಾಂಬರಿನ ಹಾಗಿರುತ್ತದೆ. ನಾನು ಮುಖ ಕಿವುಚಿದೆ. "ಇದು ಕುಡಿಯೋಕಲ್ಲ, ಎಚ್ಚರ ಇರೋಕೆ" ಎಂದ. ಇಂದು ಮಧ್ಯಾಹ್ನ ಬಿಸಿ ನೆಲದಲ್ಲಿ ಬೇಯಲು ಹೂತಿಟ್ಟಿದ್ದ ರೈ ರೊಟ್ಟಿಯನ್ನು ಅಗೆದು ತೆಗೆದ. ಎಲ್ಲರೂ ಫೋಟೋ ಹೊಡೆದರು. ಅಂಚಿನ ತುಂಡನ್ನು ನನಗೆ ಕೊಟ್ಟ. ಅಂಚು ಯಾರಿಗೂ ಬೇಡವಾಗಿತ್ತೇನೋ.

ಎಕ್ಸ್‌ಚೇಂಜ್ ಮುಚ್ಚಿದ ಮೇಲೆ ಮೊದಲ ಸಲ ಚೆನ್ನಾಗಿ ನಿದ್ದೆ ಬಂತು. ಡೇರೆಯಲ್ಲಿ ನನ್ನ ಜೊತೆ ಇರುವ ಇಂಗ್ಲಿಷ್ ಹೆಂಗಸು ಮಿಸ್ ಕಾಕ್ಸ್ ಗೊರಕೆ ಹೊಡೆದರೂ ಬಂತು.

ಬೆರಿಲ್‌ಗೆ ನನ್ನ ನಮಸ್ಕಾರ.

ಸಲ್ವೋರ್


ಆಸ್ಕ್ಯಾ ಹತ್ತಿರದ ಗುಡಿಸಲು
23 ಜುಲೈ 1986

ಐಸ್ಟೇನ್,

ಇಲ್ಲಿ ಅಂಚೆ ಇಲ್ಲ. ಈ ಪತ್ರ ಕೆಳಗೆ ಹೋದ ಮೇಲೆ ಹೊರಡುತ್ತದೆ. ಆದರೂ ಬರೆಯದೆ ಇರಲು ಆಗಲಿಲ್ಲ.

ಇಡೀ ದಿನ ಲಾವಾ ಬಯಲು. ಒಂದು ಹುಲ್ಲುಕಡ್ಡಿ ಇಲ್ಲ. ಕಪ್ಪು ಕಲ್ಲು, ಕಪ್ಪು ಮರಳು, ಮರಳಿನ ಮೇಲೆ ಹಳದಿ ನೊರೆಗಲ್ಲು. ಚಂದ್ರನಿಗೆ ಹೋಗುವವರು ಇಲ್ಲಿ ಬಂದು ಪಾಠ ಕಲಿತರು ಎಂದು ಉನ್ನುರ್ ಹೇಳಿದಳು. "ಅಲ್ಲಿ ರಸ್ತೆ ಇದಕ್ಕಿಂತ ಚೆನ್ನಾಗಿತ್ತಂತೆ" ಎಂದ ಕೇತಿಲ್. ಬಸ್ಸು ದೋಣಿಯಂತೆ ಹೊಯ್ದಾಡುತ್ತಿತ್ತು. ಹಿಂದಿನ ಸೀಟಿನವರು ವಾಂತಿ ಮಾಡಿಕೊಂಡರು. ನನಗೆ ಏನೂ ಆಗಲಿಲ್ಲ. ಮನೆಯಲ್ಲಿ ನೆಲ ಅಲುಗಾಡದಿದ್ದರೂ ನಾನು ಅಲುಗಾಡುತ್ತಿದ್ದೆ. ಇಲ್ಲಿ ಎಲ್ಲವೂ ಅಲುಗಾಡುತ್ತದೆ, ನಾನು ನಿಂತಿದ್ದೇನೆ.

ಹೊಳೆ ದಾಟುವ ಮೊದಲು ಕೇತಿಲ್ ತೊಡೆಯವರೆಗಿನ ಬೂಟು ಹಾಕಿಕೊಂಡು ನೀರಿಗೆ ಇಳಿದ. ಕೋಲಿನಿಂದ ತಳ ನೋಡಿದ. ನಾನು ಕಿಟಕಿಯಿಂದ, "ಎಡಕ್ಕೆ ಹೋಗ್ಬೇಡ, ಸುಳಿ ಇದೆ" ಎಂದು ಕೂಗಿದೆ. ತಿರುಗಲೇ ಇಲ್ಲ. ಆಮೇಲೆ ಗೊತ್ತಾಯಿತು, ಎಂಜಿನ್ ಪಕ್ಕದಲ್ಲೇ ವರ್ಷಗಟ್ಟಲೆ ಕೂತು ಅವನ ಎಡಗಿವಿ ಪೂರ್ತಿ ಹೋಗಿದೆ. ಬಲಗಿವಿಯೂ ಅರ್ಧಂಬರ್ಧ. ಯಾರಿಗೂ ಹೇಳುವುದಿಲ್ಲ. ಕೇಳಿಸದಿದ್ದರೆ ಸುಮ್ಮನೆ ತಲೆಯಾಡಿಸಿ ಹೊರಟುಬಿಡುತ್ತಾನೆ. ಇದನ್ನು ಉನ್ನುರ್ ನನಗೆ ಪಿಸುಗುಟ್ಟಿದಳು. ಅವನಿಗೆ ನಾಚಿಕೆಯಂತೆ.

ಜುಲೈನಲ್ಲೂ ಆಸ್ಕ್ಯಾದ ದಾರಿಯಲ್ಲಿ ಹಿಮ. ಗಾಳಿ ಎಷ್ಟೆಂದರೆ, ಜರ್ಮನಿಯ ನಿವೃತ್ತ ಪೋಸ್ಟ್‌ಮ್ಯಾನ್ ಬ್ಯೋಂಕೆ ಬಸ್ಸಿನ ಬಾಗಿಲನ್ನು ಒಂದೇ ಕೈಯಲ್ಲಿ ತೆರೆದು, ಬಾಗಿಲ ಜೊತೆಗೇ ಹೊರಗೆ ಹಾರಿದ. "ಇಲ್ಲಿ ಬಾಗಿಲು ಹೆಂಡ್ತಿ ಇದ್ದ ಹಾಗೆ, ಎರಡೂ ಕೈಯಲ್ಲಿ ಹಿಡ್ಕೋಬೇಕು" ಎಂದು ಕೇತಿಲ್ ಹೇಳಿದ. ಉನ್ನುರ್ ಅದನ್ನು ಅನುವಾದ ಮಾಡಲಿಲ್ಲ.

ಮೇಲೆ ವೀತಿ ಎಂಬ ಕುಳಿ. ತಳದಲ್ಲಿ ಹಾಲಿನ ಬಣ್ಣದ ಬೆಚ್ಚಗಿನ ನೀರು. ನಾನು ಇಳಿದು ಸ್ನಾನ ಮಾಡಿದೆ. ಅರವತ್ತೊಂದರ ಹೆಂಗಸು, ಒಳಲಂಗದಲ್ಲಿ! ಮಾಲ್‌ಫ್ರಿಗೆ ಗೊತ್ತಾದರೆ ಇಡೀ ಕೋಪಸ್ಕೇರ್‌ಗೆ ಗೊತ್ತಾಗುತ್ತದೆ. ಅದೂ ಈಗ ನೇರ ಡಯಲ್‌ನಲ್ಲಿ. ಹತ್ತಿ ಬರುವಾಗ ಮಣ್ಣು ಜಾರುತ್ತಿತ್ತು. ಕೇತಿಲ್ ಹಗ್ಗ ಬಿಟ್ಟು ಎಳೆದುಕೊಂಡ. "ಕುರಿಗಿಂತ ಹಗುರ ಇದೀಯ" ಎಂದ.

ಅವನ ಕಾಫಿ ಸುಧಾರಿಸಿಲ್ಲ. ಇಂದು ಎರಡು ಲೋಟ ಕುಡಿದೆ.

ಸಲ್ವೋರ್


ಫ್ರೀಮ್ಯಾಂಟಲ್
4 ಆಗಸ್ಟ್ 1986

ಸಲ್ಲಾ,

ಮೀವಾಟ್ನ್‌ನಿಂದ ಬರೆದದ್ದು ಸಿಕ್ಕಿತು. ಆ ಡ್ರೈವರನ ವಿಷಯ ಓದಿ ಸಿಟ್ಟು ಬಂತು. ಎಲ್ಲರೆದುರು ಹೆಂಗಸನ್ನು ದಪ್ಪ, ಸಿಡುಕಿ ಎನ್ನುವುದೆ? ನೀನು ದುಡ್ಡು ಕೊಟ್ಟ ಪ್ರಯಾಣಿಕಳು, ಅಂದರೆ ಮಹಿಳಾ ಸಂಘ ಕೊಟ್ಟಿದೆ. ಗೈಡ್ ಹುಡುಗಿಗೆ ಹೇಳಿ ಹಿಂದಿನ ಸೀಟಿಗೆ ಹೋಗಬೇಕಿತ್ತು. ಕಂಪನಿಗೆ ಒಂದು ದೂರು ಬರೆದು ಹಾಕು. ಮುಂದೆ ಎಲ್ಲಾದರೂ ಹೋದರೆ ಕಾಫಿಪುಡಿಯನ್ನು ನೀನೇ ಒಯ್ಯಿ. ಬೇರೆಯವರು ತಿನ್ನದ ರೊಟ್ಟಿಯ ಅಂಚು ನಿನಗೇ ಏಕೆ ಬರಬೇಕು?

ಇಲ್ಲಿ ಬಂದರೆ ಯಾರೂ ನಿನ್ನನ್ನು ಹೀಗೆ ಗೋಳುಹೊಯ್ದುಕೊಳ್ಳುವುದಿಲ್ಲ. ಸಂಜೆ ಬಂದರಿನ ಗೋಡೆಯ ಮೇಲೆ ಕೂತು ಬಿಸಿ ಮೀನು ತಿನ್ನಬಹುದು. ಈಗ ಕೊಂಡರೆ ಅರ್ಧ ಉಳಿಯುತ್ತದೆ, ಕಡಲಹಕ್ಕಿಗಳಿಗೆ ಹಾಕುತ್ತೇನೆ.

ಆಗಸ್ಟ್ ಬಂತು. ಏನು ನಿರ್ಧರಿಸಿದೆ?

ಬೆರಿಲ್ ನಿನಗೆ ನಮಸ್ಕಾರ ಹೇಳಿದ್ದಾಳೆ.

ಐಸ್ಟೇನ್


ಕೋಪಸ್ಕೇರ್
17 ಆಗಸ್ಟ್ 1986

ಐಸ್ಟೇನ್,

ಬರುತ್ತೇನೆ. ಟಿಕೆಟ್ ಖಚಿತ ಮಾಡು.

ಮನೆ ಬಾಡಿಗೆಗೆ ಕೊಡಲು ಮಾತಾಡಿದ್ದೇನೆ. ಉಣ್ಣೆಯ ಬಟ್ಟೆ ತರಬೇಕೇ, ಬೇಡವೇ, ತಿಳಿಸು.

ಸಲ್ವೋರ್


ಫ್ರೀಮ್ಯಾಂಟಲ್
31 ಆಗಸ್ಟ್ 1986

ನನ್ನ ಸಲ್ಲಾ,

ನಿನ್ನ ಪತ್ರ ಎರಡೇ ಸಾಲು, ಆದರೆ ಅದನ್ನು ಜೇಬಿನಲ್ಲಿಟ್ಟುಕೊಂಡು ಕೆಲಸಕ್ಕೆ ಹೋದೆ. ಟೆರಿಗೆ ತೋರಿಸಿದೆ. ಅವನಿಗೆ ನಮ್ಮ ಭಾಷೆ ಬರುವುದಿಲ್ಲ, ಆದರೂ ತೋರಿಸಿದೆ. ಟಿಕೆಟ್ ಖಚಿತವಾಗಿದೆ, ನವೆಂಬರ್ ಇಪ್ಪತ್ತಕ್ಕೆ. ಉಣ್ಣೆ ತರಬೇಡ. ತಂದರೆ ಇಲ್ಲಿ ಹುಳು ತಿನ್ನುತ್ತದೆ.

ನಿನ್ನೆ ಕೋಣೆಗೆ ಒಂದು ಓದುವ ದೀಪ ತಂದೆ. ಹಚ್ಚಿ ನೋಡಿದೆ, ಆರಿಸಿದೆ, ಮತ್ತೆ ಹಚ್ಚಿದೆ. ಒಣಗಿಸಿದ ಮೀನು ಸ್ವಲ್ಪ ತಾ. ಸುಂಕದವರು ಹಿಡಿದರೆ ನಾಯಿಗೆ ಎನ್ನು.

ಆಸ್ಕ್ಯಾದಿಂದ ಬರೆದದ್ದೂ ಬಂತು. ಒಳಲಂಗದ ಸ್ನಾನ ಓದಿ ನಕ್ಕೆ. ಅಂತೂ ಆ ಡಾಂಬರು ಕಾಫಿಯ ಕಿವುಡನಿಂದ ತಪ್ಪಿಸಿಕೊಂಡೆಯಲ್ಲ! ನಿನ್ನನ್ನು ಕುರಿಯ ಹಾಗೆ ತೂಗಿದನಂತೆ. ಇನ್ನು ಅವನು ಕುರಿಗಳನ್ನೇ ಎಳೆಯುತ್ತಿರಲಿ.

ಬೆರಿಲ್ ನಿನಗೆ ನಮಸ್ಕಾರ ಹೇಳಿದ್ದಾಳೆ.

ಐಸ್ಟೇನ್


ಕೋಪಸ್ಕೇರ್
14 ಸೆಪ್ಟೆಂಬರ್ 1986

ಐಸ್ಟೇನ್,

ಆ ಮನುಷ್ಯನ ಬಗ್ಗೆ ತಮಾಷೆ ಬೇಡ. ಬರೆಯಬಾರದು ಎಂದುಕೊಂಡಿದ್ದೆ. ಆದರೆ ಅಲ್ಲಿಗೆ ಬಂದ ಮೇಲೆ ದಿನವೂ ನೀನು ಇದೇ ತಮಾಷೆ ಮಾಡುತ್ತೀಯ, ನನಗೆ ಅದು ಸಹಿಸಲಾಗುವುದಿಲ್ಲ. ಒಂದೇ ಸಲ ಹೇಳಿ ಮುಗಿಸುತ್ತೇನೆ.

ವಾಪಸ್ ಬರುವಾಗ ನಾಮಸ್ಕಾರ್ಡ್‌ನಲ್ಲಿ ಬಸ್ಸು ನಿಲ್ಲಿಸಿದರು. ಕುದಿಯುವ ಕೆಸರಿನ ಗುಂಡಿಗಳು ನಿನಗೆ ನೆನಪಿರಬೇಕು. ಎಲ್ಲರೂ ಫೋಟೋ ತೆಗೆಯಲು ಚದುರಿದರು. ನಾನು ದೊಡ್ಡ ಹಬೆಕಂಡಿಯ ಹತ್ತಿರ ನಿಂತಿದ್ದೆ. ಕೇತಿಲ್ ಬಂದು ಪಕ್ಕದಲ್ಲಿ ನಿಂತ. ಹಬೆ ಅವನ ಬಲಕ್ಕೆ ಬೀಸುತ್ತಿತ್ತು, ಹಾಗಾಗಿ ನಾನು ಎಡಕ್ಕೆ ಬಂದೆ. ಬಹಳ ಹೊತ್ತು ಟೋಪಿ ತಿರುಗಿಸುತ್ತ ಇದ್ದ. ಆಮೇಲೆ ಕೆಸರನ್ನೇ ನೋಡುತ್ತ ಕೂಗಿ ಹೇಳಿದ.

"ಚಳಿಗಾಲ್ದಲ್ಲಿ ನನ್ ಮನೇಲಿ ಒಂದು ಕುರ್ಚಿ ಸುಮ್ನೆ ಬಿದ್ದಿರುತ್ತೆ. ನೀನು ಬಂದು ಕೂತ್ಕೊಂಡ್ರೆ ನಂದೇನೂ ಅಭ್ಯಂತರ ಇಲ್ಲ."

ನಾನು ಅವನ ಕಡೆ ಬಾಗಿ, "ಏನಿದು, ಬಾಡಿಗೆ ಮಾತಾ?" ಎಂದು ಕೂಗಿದೆ.

"ಅಲ್ಲ. ಪಾದ್ರಿ ಹತ್ರ ಹೋಗೋ ಮಾತು."

ನಾನು ಹೌದು ಎಂದೆ, ಐಸ್ಟೇನ್. ಯೋಚಿಸಲೂ ಇಲ್ಲ. ಅಮ್ಮ ಹೇಳುತ್ತಿದ್ದ ಹಾಗೆ, ಎದೆಯೊಳಕ್ಕೆ ಉಸಿರೆಳೆದು ಹೇಳಿದೆ. ನನ್ನ ಜೀವನದಲ್ಲಿ ಅಷ್ಟು ಮನಸ್ಸಿಟ್ಟು ಆ ಮಾತನ್ನು ಬೇರೆ ಯಾರಿಗೂ ಹೇಳಿಲ್ಲ.

ಅವನು ಸ್ವಲ್ಪ ಹೊತ್ತು ನಿಂತ. ತಲೆಯಾಡಿಸಿದ. ಟೋಪಿ ಹಾಕಿಕೊಂಡ. "ಟೈರ್ ನೋಡ್ಬೇಕು" ಎಂದು ಬಸ್ಸಿನ ಕಡೆ ಹೋದ. ಅಷ್ಟೇ. ಅಕುರೇರಿಯವರೆಗೆ ಒಂದು ಮಾತಿಲ್ಲ. ಕನ್ನಡಿಯಲ್ಲಿ ನೋಡಲೂ ಇಲ್ಲ. ಇಳಿಯುವಾಗ ಎಲ್ಲರ ಕೈ ಕುಲುಕಿದ, ನನ್ನದನ್ನೂ ಕುಲುಕಿದ. "ಒಳ್ಳೇ ಪ್ರಯಾಣ ಆಗ್ಲಿ" ಎಂದ, ಬ್ಯೋಂಕೆಗೆ ಹೇಳಿದ ಹಾಗೇ.

ಬಾಯಿ ತಪ್ಪಿ ಕೇಳಿ ಆಮೇಲೆ ಹೆದರಿದ ಗಂಡಸು. ಅಂಥವರ ಬಗ್ಗೆ ಬೋರ್ಡಿನ ಮುಂದೆ ಕೂತು ಬೇಕಾದಷ್ಟು ಕೇಳಿದ್ದೇನೆ. ಆದರೆ ಈ ಸಲ ಲೈನಿನ ಒಂದು ತುದಿಯಲ್ಲಿ ನಾನೇ ಇದ್ದೆ.

ಈಗ ನಿನಗೆ ಗೊತ್ತಾಯಿತು. ನಾನು ಬರುವುದು ಬರುವುದೇ. ಈ ವಿಷಯ ಬೆರಿಲ್‌ಗೆ ಹೇಳಬೇಡ. ನನಗೂ ಮತ್ತೆ ನೆನಪಿಸಬೇಡ.

ಸಲ್ವೋರ್


ಫ್ರೀಮ್ಯಾಂಟಲ್
19 ಅಕ್ಟೋಬರ್ 1986

ಸಲ್ವೋರ್,

ನೆನಪಿಸಬೇಡ ಎಂದಿದ್ದೀಯ. ಈ ಒಂದು ಸಲ ನೆನಪಿಸುತ್ತೇನೆ.

ನಾನು ಇಲ್ಲಿ ಮೊದಲ ದಿನ ಕಾರ್ಖಾನೆಗೆ ಹೋದಾಗ ಮೇಸ್ತ್ರಿ ಕೇಳಿದ, "ವೆಲ್ಡಿಂಗ್ ಬರುತ್ತಾ?" ನಾನು ಹೌದು ಎಂದೆ, ನಮ್ಮ ಮನೆಯ ಹಾಗೆ, ಮಾತನ್ನು ಹೊರಗೆ ಬಿಡದೆ ಉಸಿರಿನ ಜೊತೆ ಒಳಗೆಳೆದು. ಅವನು ಓಡಿಹೋಗಿ ಕುರ್ಚಿ ತಂದ, ನೀರು ತಂದ. "ಆಸ್ತಮಾ ಇರೋರಿಗೆ ಈ ಹೊಗೆ ಆಗಲ್ಲಪ್ಪಾ" ಎಂದು ವಾಪಸ್ ಕಳಿಸಲು ನೋಡಿದ. ವೈದ್ಯರು ಎದೆ ಪರೀಕ್ಷೆ ಮಾಡಿ, ನೋವಿದೆಯೇ ಎಂದರು. ಇಲ್ಲ ಎನ್ನುವುದನ್ನು ಜೋರಾಗಿ ಹೇಳಿದೆ, ಈಗ ಪರವಾಗಿಲ್ಲವೇ ಎಂದದ್ದಕ್ಕೆ ಹೌದನ್ನು ಮತ್ತೆ ಒಳಗೆಳೆದೆ. ಅವರು ಎದೆಯ ಇನ್ನೊಂದು ಎಕ್ಸ್‌ರೇ ತೆಗೆಸಿದರು. ಮದುವೆಯ ದಿನ ನೋಂದಣಿ ಅಧಿಕಾರಿ ಒಂದೇ ಪ್ರಶ್ನೆಯನ್ನು ಮೂರು ಸಲ ಕೇಳಿದ. ನಾನು ಮೂರು ಸಲವೂ ಒಪ್ಪಿಕೊಂಡೆ. ಅವನಿಗೆ ಬೇಸರವಾಗಿ ಪುಸ್ತಕ ಮುಚ್ಚಲು ಹೋದ. ಬೆರಿಲ್ ತೊಡೆ ಚಿವುಟಿದ ಮೇಲೆ ಹೌದು ಎಂದು ಕಿರುಚಿದೆ. ಅವತ್ತಿನಿಂದ ಹೌದು ಎಂಬುದನ್ನು ಹೊರಕ್ಕೆ ತಳ್ಳಲು ಕಲಿತೆ.

ನೀನು ಅಮ್ಮನ ಹಾಗೆ ಹೇಳಿದೆ. ಅಮ್ಮನ ಹೌದು ಮೇಜಿನ ಆಚೆ ಬದಿಗೆ ಕೇಳಿಸುತ್ತಿರಲಿಲ್ಲ. ನಾವು ಅವಳ ಮುಖ ನೋಡಿ ತಿಳಿದುಕೊಳ್ಳುತ್ತಿದ್ದೆವು. ಅವನು ಕೆಸರು ನೋಡುತ್ತಿದ್ದ. ನೀನು ಸತ್ತ ಕಿವಿಯ ಕಡೆ ನಿಂತಿದ್ದೆ. ಪಕ್ಕದಲ್ಲಿ ಹಬೆಯ ಭೋರ್ಗರೆತ. ಕೇಳಿಸದಿದ್ದರೆ ತಲೆಯಾಡಿಸಿ ಹೊರಟುಬಿಡುತ್ತಾನೆ ಎಂದು ಆಸ್ಕ್ಯಾದಿಂದ ಬರೆದವಳು ನೀನೇ.

ಇಪ್ಪತ್ತು ವರ್ಷ ಆ ಮನುಷ್ಯ ನಿನ್ನ ಫೋನಿನ ಹೌದು ಕೇಳಿದ್ದಾನೆ. ಎಕ್ಸ್‌ಚೇಂಜಿನಲ್ಲಿ ಕೂಗಿ ಹೇಳುತ್ತಿದ್ದವಳು ಅವತ್ತು ಸುಮ್ಮನೆ ನಿಂತಳು ಎಂದೇ ಅವನು ತಿಳಿದಿರುತ್ತಾನೆ. ಸಲ್ವೋರ್, ಅವನು ಹೆದರಲಿಲ್ಲ. ನೀನು ಬೇಡ ಅಂದೆ ಎಂದುಕೊಂಡ.

ನವೆಂಬರ್ ಹತ್ತರವರೆಗೆ ಟಿಕೆಟ್ ರದ್ದು ಮಾಡಬಹುದು. ಹಣ ಹೋಗುವುದಿಲ್ಲ.

ಐಸ್ಟೇನ್


ಮೀವಾಟ್ನ್
9 ನವೆಂಬರ್ 1986

ನನ್ನ ತಮ್ಮ,

ಟಿಕೆಟ್ ರದ್ದಾಗಿದೆ. ನಿನ್ನೆ ಅಕುರೇರಿಯ ಕಚೇರಿಗೆ ಫೋನ್ ಮಾಡಿ ಹೇಳಿದೆ.

ನಿನ್ನ ಪತ್ರ ಬಂದ ದಿನ ನಾನು ಅದನ್ನು ನಿಂತೇ ಓದಿದೆ. ಆಮೇಲೆ ಅಂಚೆ ಲಾರಿಯವನ ಹತ್ತಿರ ಹೋಗಿ, "ನಾಳೆ ಹೂಸವೀಕ್‌ವರೆಗೆ ನನ್ನನ್ನೂ ಕರ್ಕೊಂಡು ಹೋಗು" ಎಂದೆ. "ಹಿಮ ಬಿದ್ದಿದೆ, ಅಂಥಾದ್ದೇನು ಅರ್ಜೆಂಟು?" ಎಂದ. ಜುಲೈಯಿಂದ ಬಾಕಿ ಇರುವ ಒಂದು ಕಾಲ್ ಇದೆ ಎಂದೆ. ಅಲ್ಲಿಂದ ಹಾಲಿನ ಲಾರಿ ಸಿಕ್ಕಿತು. ದಾರಿಯಲ್ಲಿ ಎರಡು ಕಡೆ ಇಳಿದು ಸಲಿಕೆ ಹಿಡಿದೆ.

ಕೇತಿಲ್ ಹೊಗೆಮನೆಯಲ್ಲಿ ಮೀನು ನೇತುಹಾಕುತ್ತಿದ್ದ. ಬಾಗಿಲಲ್ಲಿ ನಿಂತು ಎಕ್ಸ್‌ಚೇಂಜಿನ ದನಿಯಲ್ಲಿ ಕೂಗಿದೆ.

"ಹೌದು!"

ನಾಯಿ ಎದ್ದು ನಿಂತಿತು. ಅವನು ಕಣ್ಣು ಉಜ್ಜಿಕೊಳ್ಳುತ್ತ ಹೊಗೆಯಿಂದ ಹೊರಗೆ ಬಂದ.

"ಯಾವ್ದಕ್ಕೆ ಹೌದು?"

"ನಾಮಸ್ಕಾರ್ಡ್‌ನಲ್ಲಿ ಕೇಳಿದ್ದಕ್ಕೆ."

ಕೈಯಲ್ಲಿದ್ದ ಮೀನನ್ನು ಎಲ್ಲಿ ಇಡಬೇಕೆಂದು ಅವನಿಗೆ ತಿಳಿಯಲಿಲ್ಲ. ಕೊನೆಗೆ ನನ್ನ ಕೈಗೇ ಕೊಟ್ಟ.

"ನಾಲ್ಕು ತಿಂಗಳು ಬೇಕಾಯ್ತಾ? ಟ್ರಂಕ್ ಕಾಲೇ ವಾಸಿ."

"ಅವತ್ತೇ ಹೇಳಿದ್ದೆ. ಲೈನ್ ಸರಿ ಇರ್ಲಿಲ್ಲ."

ಅವನು ಕಿವಿ ಮುಟ್ಟಿಕೊಂಡ. ಆಮೇಲೆ ಹೇಳಿದ, ನಾನು ಉಸಿರು ಎಳೆದದ್ದನ್ನು ಓರೆಗಣ್ಣಲ್ಲಿ ನೋಡಿದ್ದನಂತೆ. ಮುದುಕನ ಮಾತು ಕೇಳಿ ಗಾಬರಿಯಾದಳು ಎಂದುಕೊಂಡನಂತೆ. ಆ ಬೇಸಿಗೆಯ ಉಳಿದ ಪ್ರವಾಸಗಳಲ್ಲಿ ಆ ಕಂಡಿಯ ಹತ್ತಿರ ಬಸ್ಸಿನಿಂದ ಇಳಿಯಲೇ ಇಲ್ಲವಂತೆ.

ಸಂಜೆ ನಿನ್ನ ಪತ್ರವನ್ನು ಅವನ ಬಲಗಿವಿಯ ಹತ್ತಿರ ಕೂತು ಓದಿ ಹೇಳಿದೆ. ನೋಂದಣಿ ಅಧಿಕಾರಿಯ ಪ್ರಸಂಗಕ್ಕೆ ಕಣ್ಣಲ್ಲಿ ನೀರು ಬರುವಂತೆ ನಕ್ಕ. ಮುಗಿದ ಮೇಲೆ ಕೇಳಿದ, "ನಿನ್ ತಮ್ಮನಿಗೆ ನೀನು ಅಲ್ಲಿಗೆ ಬರೋದು ಬೇಕಿರ್ಲಿಲ್ವಾ?" ನಾನು ಪತ್ರ ಮಡಚಿಟ್ಟೆ.

ಅದರ ಉತ್ತರವನ್ನು ನಿನಗೇ ಕೊಡುತ್ತೇನೆ. ನನ್ನ ಸೆಪ್ಟೆಂಬರಿನ ಪತ್ರ ನಿನ್ನ ಕೈಯಲ್ಲಿ ಎಷ್ಟು ದಿನ ಇತ್ತು ಎಂದು ಕೇಳುವುದಿಲ್ಲ. ನೀನು ಸುಮ್ಮನಿದ್ದಿದ್ದರೆ ನಾನು ಆ ವಿಮಾನ ಹತ್ತುತ್ತಿದ್ದೆ, ಸಾಯುವವರೆಗೂ ಏನೂ ಗೊತ್ತಾಗುತ್ತಿರಲಿಲ್ಲ. ಅದು ನಿನಗೂ ಗೊತ್ತಿತ್ತು.

ಇನ್ನೊಂದು ಮಾತು. ನಿನ್ನ ಎಲ್ಲ ಪತ್ರಗಳ ಕೊನೆಗೂ ಬೆರಿಲ್ ನಮಸ್ಕಾರ ಹೇಳುತ್ತಿದ್ದಳು, ಒಂದಕ್ಷರ ಹೆಚ್ಚಿಲ್ಲ, ಕಡಿಮೆ ಇಲ್ಲ. ಈ ಕೊನೆಯ ಪತ್ರದಲ್ಲಿ ಮಾತ್ರ ಇಲ್ಲ. ಅರ್ಧ ಮೀನನ್ನು ಹಕ್ಕಿಗಳಿಗೆ ಹಾಕುತ್ತೀಯ. ಕೋಣೆಯ ಪರದೆಯನ್ನು ನೀನೇ ಹಾಕುತ್ತೀಯ, ದೀಪವನ್ನು ನೀನೇ ತರುತ್ತೀಯ. ಯಾವ ಮನೆಯಲ್ಲಿ ಇಬ್ಬರಿದ್ದಾರೆ, ಯಾವುದರಲ್ಲಿ ಒಬ್ಬರೇ ಇದ್ದಾರೆ ಎಂಬುದು ಅವರು ಫೋನ್ ಎತ್ತುವ ರೀತಿಯಲ್ಲೇ ನನಗೆ ತಿಳಿಯುತ್ತಿತ್ತು. ಬೆರಿಲ್ ಯಾವಾಗ ಹೋದಳು, ಐಸ್ಟೇನ್? ಬದುಕಿದ್ದಾಳೆಯೇ? ಇದನ್ನು ಮುಚ್ಚಿಟ್ಟು ನನಗೆ ಹೊಸ ಮಂಚ ಕೊಂಡೆಯಲ್ಲ, ಹುಚ್ಚಾ. ಹೇಳಿದ್ದರೆ ಜೂನ್‌ನಲ್ಲೇ ಹೊರಟು ಬರುತ್ತಿದ್ದೆ. ಅದಕ್ಕೇ ಹೇಳಲಿಲ್ಲವೇನೋ.

ಮದುವೆ ಜೂನ್ ಕೊನೆಗೆ, ಬೆಟ್ಟದ ರಸ್ತೆ ತೆರೆಯುವ ಮೊದಲು. ಆಮೇಲೆ ಅವನಿಗೆ ಬಿಡುವಿಲ್ಲ. ಇಲ್ಲಿಯ ಪಾದ್ರಿಗೆ ಎರಡೂ ಕಡೆಯಿಂದ ಒಬ್ಬೊಬ್ಬ ಸಾಕ್ಷಿ ಬೇಕಂತೆ. ಕೇತಿಲ್ ಕಡೆಗೆ ಅವನ ತಂಗಿ ನಿಲ್ಲುತ್ತಾಳೆ. ನನ್ನ ಕಡೆಗೆ ಯಾರು ಎಂದು ಪಾದ್ರಿ ಕೇಳಿದರು. ನಿನ್ನ ಹೆಸರು ಹೇಳಿದೆ. ಅವರು ಎಲ್ಲಿದ್ದಾರೆ ಎಂದರು. ದಾರಿಯಲ್ಲಿದ್ದಾರೆ ಎಂದೆ.

ಸಲ್ವೋರ್